ಕಾಂಟೆಸ್ಸಾ 1.8ಗೆ ಟರ್ಬೋ, ಅದೂ ಗ್ಯಾಸ್ ಮೇಲೆ: ನನ್ನ ಅನುಭವ

ಎಲ್‌ಪಿಜಿ ಗ್ಯಾಸಿನಲ್ಲಿ ಓಡುವ ಗಾಡಿಗೆ ಟರ್ಬೋ (ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಪಂಪು) ಹಾಕಿದರೆ ಎಂಜಿನ್ ಹೆಡ್ ಉಳಿಯಲ್ಲ ಅಂದವರೇ ಈಗ ಪೈಪಿಂಗ್ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಗಾಡಿ ಹಿಂದೂಸ್ತಾನ್ ಕಾಂಟೆಸ್ಸಾ, ಇಸುಜು 1817 ಸಿಸಿ ಎಂಜಿನ್, ಬ್ಲಾಕ್, ಪಿಸ್ಟನ್ ಎಲ್ಲ ಹಳೆಯದೇ. ಬೂಸ್ಟ್, ಅಂದರೆ ಟರ್ಬೋ ಕೊಡುವ ಹೆಚ್ಚುವರಿ ಒತ್ತಡ, ಹೆಚ್ಚುಕಮ್ಮಿ 0.4 ಬಾರ್.

ಅಮೆರಿಕದವರ ಬೂಸ್ಟ್ ಲೆಕ್ಕವನ್ನು ನೇರವಾಗಿ ಎತ್ತಿಕೊಳ್ಳಬೇಡಿ. ಅವರು ಗಾಡಿಗೆ ಬಳಸುವ ಎಚ್‌ಡಿ-5 ದರ್ಜೆಯ ಗ್ಯಾಸಿನಲ್ಲಿ ಶೇ. 90ಕ್ಕೆ ಕಡಿಮೆಯಿಲ್ಲದಷ್ಟು ಪ್ರೊಪೇನ್. ನಮ್ಮ ಬಂಕಿನ ಆಟೋ ಎಲ್‌ಪಿಜಿಯಲ್ಲಿ ಬ್ಯೂಟೇನೂ ಸೇರಿರುತ್ತದೆ, ಅದರ ಆಕ್ಟೇನ್ (ಒತ್ತಡದಲ್ಲಿ ತಾನಾಗೇ ಸಿಡಿಯದೆ ತಡೆಯುವ ಗುಣ) ಕಡಿಮೆ. 0.6 ಬಾರ್‌ಗೆ ಏರಿಸಿದಾಗ ಮಧ್ಯಾಹ್ನದ ಬಿಸಿಲಲ್ಲಿ ನಾಕಿಂಗ್ (ಮಿಶ್ರಣ ತಾನಾಗೇ ಸಿಡಿದು ಎಂಜಿನ್ ಬಡಿಯುವುದು) ಶುರುವಾಯಿತು. ಮತ್ತೆ ಇಳಿಸಿದೆ.

ಟರ್ಬೋ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ ಕೆ03 ಮಾದರಿ, ಗುಜರಿ ಮಾಲು. ಹೊಸ ಕಾರ್ಟ್ರಿಡ್ಜ್ (ಶಾಫ್ಟ್, ಬೇರಿಂಗ್ ಇರುವ ಒಳಭಾಗ) ಸೇರಿ ಸುಮಾರು 14 ಸಾವಿರ. ಡೀಸೆಲ್ ಟರ್ಬೋ ಅರ್ಧ ಬೆಲೆಗೆ ಸಿಗುತ್ತದೆ, ಆದರೆ ಅದು ತಣ್ಣನೆಯ ಎಕ್ಸಾಸ್ಟಿಗೆ ಮಾಡಿದ್ದು. ಸ್ಪಾರ್ಕ್ ಎಂಜಿನ್ನಿನ ಬಿಸಿಗೆ ಹೌಸಿಂಗ್ ಸೀಳುತ್ತದೆ. ಎಂಜಿನ್ನಿನ ಹೊಗೆಯನ್ನು ಟರ್ಬೋಗೆ ಒಯ್ಯುವ ಮ್ಯಾನಿಫೋಲ್ಡನ್ನು ದಪ್ಪ ಪೈಪ್ ಬೆಂಡ್‌ಗಳಿಂದ ಕಟ್ಟಿಸಿದೆ, 12 ಎಂಎಂ ಫ್ಲ್ಯಾಂಜ್. ತೆಳು ಪೈಪಿನದು ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಟ್ಟಿತು. ಟರ್ಬೋ ಭಾರ ಹೊರಲು ಬ್ಲಾಕಿನಿಂದ ಒಂದು ಬ್ರಾಕೆಟ್ ಬೇಕೇ ಬೇಕು. ಆಯಿಲ್ ರಿಟರ್ನ್ ಪೈಪ್ ಎಲ್ಲೂ ಜೋತುಬೀಳದೆ ಇಳಿಜಾರಾಗಿ ಇಳಿಯಬೇಕು, ಸಂಪಿನ (ಎಂಜಿನ್ ತಳದ ಆಯಿಲ್ ತಟ್ಟೆ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಒಂದಿಷ್ಟು ಜೋತುಬಿದ್ದರೂ ಸೈಲೆನ್ಸರಿನಲ್ಲಿ ನೀಲಿ ಹೊಗೆ.

ಇಡೀ ಕೆಲಸದ ಗುಟ್ಟು ಜೋಡಣೆಯ ಕ್ರಮದಲ್ಲಿದೆ: ಫಿಲ್ಟರ್, ಮಿಕ್ಸರ್ (ಗಾಳಿಗೆ ಗ್ಯಾಸ್ ಬೆರೆಸುವ ಭಾಗ), ಟರ್ಬೋ, ಥ್ರಾಟಲ್, ಎಂಜಿನ್. ಮಿಕ್ಸರ್ ಟರ್ಬೋಗಿಂತ ಮೊದಲೇ ಇರುವುದರಿಂದ ಅದಕ್ಕೆ ಬೂಸ್ಟ್ ತಾಗುವುದಿಲ್ಲ, ಸಾದಾ ಎರಡು ಹಂತದ ರೆಡ್ಯೂಸರ್ (ಟ್ಯಾಂಕಿನ ಗ್ಯಾಸಿನ ಒತ್ತಡ ಇಳಿಸುವ ಭಾಗ) ಸಾಕು. ಥ್ರಾಟಲ್ ಟರ್ಬೋ ಆದ ಮೇಲೆ ಇರುವುದರಿಂದ ಕಂಪ್ರೆಸರ್ ಸೀಲಿನಿಂದ ಆಯಿಲ್ ಎಳೆಯುವುದಿಲ್ಲ. ಕಂಪ್ರೆಸರ್ ಚಕ್ರ ಗ್ಯಾಸನ್ನು ಕಡೆದು ಕೊಡುವುದರಿಂದ ನಾಲ್ಕೂ ಪ್ಲಗ್ಗಿನ ಬಣ್ಣ ಒಂದೇ ಬಂತು. ಕಾರ್ಬುರೇಟರ್ ಕಾಲದಲ್ಲಿ ಈ ಎಂಜಿನ್ ಹಾಗೆ ತೋರಿಸಿದ್ದೇ ಇಲ್ಲ. ತೊಂದರೆ ಒಂದೇ: ಪೈಪಿನ ತುಂಬ ಉರಿಯುವ ಮಿಶ್ರಣ. ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್ ಹಾಕಬೇಡಿ, ಪೈಪ್ ಗಿಡ್ಡವಿರಲಿ, ಮಿಶ್ರಣ ಹೊತ್ತಿಕೊಂಡರೆ ಒತ್ತಡ ಹೊರಬಿಡುವ ಆಂಟಿ ಬ್ಯಾಕ್‌ಫೈರ್ ವಾಲ್ವ್ ಹಾಕದೆ ಬಿಡಬೇಡಿ. ಹಳೆಯ ಪ್ಲಗ್ ವೈರ್ ಒಮ್ಮೆ ಮಿಸ್ಸಾಗಿ ಸಿಲಿಕಾನ್ ಹೋಸ್ ಕಿತ್ತು ಬಾನೆಟ್ಟಿಗೆ ಬಡಿಯಿತು. ಇಷ್ಟು ಬೂಸ್ಟಿಗೆ ಟರ್ಬೋದಿಂದ ಹೊರಬರುವ ಗಾಳಿ 75–80 ಡಿಗ್ರಿ, ಅದು ನಡೆಯುತ್ತದೆ.

ಮಿಕ್ಸರ್ ವೆಂಚುರಿ (ಗ್ಯಾಸ್ ಎಳೆಯುವ ಕಿರಿದಾದ ಕಂಠ) ಲೇತಿನಲ್ಲಿ ಮಾಡಿಸಿದ್ದು. 36 ಎಂಎಂ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಿತು. 42ರಲ್ಲಿ ಐಡಲ್ ನಿಲ್ಲಲಿಲ್ಲ. ಈಗಿನದು ಇವೆರಡರ ನಡುವಿನದು; ಅಳತೆ ಮತ್ತು ತೂತುಗಳ ಕೋನ ನನ್ನಲ್ಲೇ ಇರಲಿ. ಬೂಸ್ಟಿನಲ್ಲಿ ಲ್ಯಾಂಬ್ಡಾ (ಗಾಳಿ-ಗ್ಯಾಸ್ ಅನುಪಾತ; 1ಕ್ಕಿಂತ ಕಡಿಮೆಯೆಂದರೆ ಗ್ಯಾಸ್ ಹೆಚ್ಚು) 0.86ರ ಆಸುಪಾಸು ಇಟ್ಟಿದ್ದೇನೆ. ಅದನ್ನು ನೋಡಲು ವೈಡ್‌ಬ್ಯಾಂಡ್ ಮೀಟರಿಗೇ 18 ಸಾವಿರ ಹೋಯಿತು, ಟರ್ಬೋಗಿಂತ ದುಬಾರಿ, ಆದರೂ ಅದಿಲ್ಲದೆ ಕೈಹಾಕಬೇಡಿ.

ರೆಡ್ಯೂಸರಿಗೆ ಬಿಸಿನೀರು ಹೀಟರ್ ಲೈನಿನಿಂದ ಕೊಡಿ, ರೇಡಿಯೇಟರಿನ ತಲೆಗಿಂತ ಕೆಳಗೆ ಕೂರಿಸಿ. ಮೇಲಿದ್ದರೆ ಗಾಳಿ ಸಿಕ್ಕಿಕೊಂಡು ನೀರು ತಿರುಗದು. ಆಗ ಬೂಸ್ಟಿನಲ್ಲಿ ಎರಡೇ ನಿಮಿಷಕ್ಕೆ ರೆಡ್ಯೂಸರಿನ ಮೈಯೆಲ್ಲ ಹಿಮ ಕಟ್ಟಿ, ಡಯಾಫ್ರಮ್ ಸೆಟೆದು ಗಾಡಿ ನಿಲ್ಲುತ್ತದೆ.

ಇಗ್ನಿಷನ್ (ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹೊಡೆಯುವ ಕೋನ): ಬೇಸ್ 14 ಡಿಗ್ರಿ, ಒಟ್ಟು 26ಕ್ಕೆ ನಿಲ್ಲುವಂತೆ ಡಿಸ್ಟ್ರಿಬ್ಯೂಟರ್ ತೂಕದ ಸ್ಟಾಪಿಗೆ ವೆಲ್ಡ್. ಬೂಸ್ಟ್ ನುಗ್ಗದಂತೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಲೈನಿಗೆ ಒನ್‌ವೇ ವಾಲ್ವ್. ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.6 ಎಂಎಂ. ಕಾಯಿಲ್ ಹೊಸದೇ ಇರಲಿ, ಗ್ಯಾಸಿಗೆ ಕಿಡಿ ಜೋರು ಬೇಕು.

ನಡುವೆ ಮಿಕ್ಸರಿಗೆ ನೀರು ಸಿಂಪಡಿಸುವ ಪ್ರಯೋಗವನ್ನೂ ಮಾಡಿದೆ. ನಾಕಿಂಗ್ ತಗ್ಗಿತು, ಆದರೆ ನೀರಿನ ಹನಿ ಹೊಡೆದು ಕಂಪ್ರೆಸರ್ ಅಂಚು ಸವೆಯತೊಡಗಿದ್ದರಿಂದ ಬಿಟ್ಟೆ.

ಅನುಮೋದಿತ ಟ್ಯಾಂಕ್, ಕಿಟ್ ಸೇರಿ ಒಟ್ಟು 75 ಸಾವಿರದ ಒಳಗೆ. ಮೂರನೇ ಗೇರಿನಲ್ಲಿ 40ರಿಂದ 100ಕ್ಕೆ ಮೊದಲು ಹದಿಮೂರು ಸೆಕೆಂಡ್ ಹಿಡಿಯುತ್ತಿತ್ತು, ಈಗ ಎಂಟರ ಆಸುಪಾಸು. ಲೀಟರಿಗೆ ಆರೇಳು ಕಿಲೋಮೀಟರ್. ಒಣ ಗ್ಯಾಸಿಗೆ ಎಕ್ಸಾಸ್ಟ್ ವಾಲ್ವ್ ಸೀಟ್ ಬೇಗ ತಗ್ಗುತ್ತದೆ, ಹಾಗಾಗಿ 5,000 ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಡಿಲ) ನೋಡುತ್ತೇನೆ. ಗ್ಯಾಪ್ ಪದೇಪದೇ ಕಡಿಮೆಯಾಗುತ್ತಾ ಬಂದರೆ ಹೆಡ್ ಬಿಚ್ಚಿ ಗಟ್ಟಿ ಸೀಟ್ ಹಾಕಿಸಿ.