ರ‍್ಯಾಪ್ ಕೆಟ್ಟಿತೇ? ಕೆಂಪು ಪೆನ್ನು ಹಿಡಿದು ಕೇಳಿ

ರ‍್ಯಾಪ್ ಕೆಟ್ಟುಹೋಯ್ತು ಅನ್ನೋ ಮೊದಲು ಒಂದು ಕೆಲಸ ಮಾಡಿ. ಶ್ರೀನಗರದ ನನ್ನ ಕೋಣೆಯಲ್ಲಿ ನಾನು ಮಾಡೋದು ಹೀಗೆ: 1979ರ ಶುಗರ್‌ಹಿಲ್ ಗ್ಯಾಂಗ್, 1987ರ ಎರಿಕ್ ಬಿ ಮತ್ತು ರಾಕಿಮ್ (ಎರಡೂ ಅಮೆರಿಕದ ರ‍್ಯಾಪ್ ತಂಡಗಳು), ಆಮೇಲೆ ಈ ವರ್ಷದ ಒಂದು ಕನ್ನಡ ರ‍್ಯಾಪ್. ಪ್ರತಿಯೊಂದರಿಂದ ನಾಲ್ಕು ಸಾಲು ನೋಟ್‌ಬುಕ್ಕಿಗೆ ಇಳಿಸಿ, ಪ್ರಾಸ ಬಿದ್ದಲ್ಲೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಶುಗರ್‌ಹಿಲ್‌ನಲ್ಲಿ ಸುತ್ತುಗಳು ಹೆಚ್ಚಾಗಿ ಸಾಲಿನ ತುದಿಗೇ ನಿಲ್ಲುತ್ತವೆ. ರಾಕಿಮ್‌ಗೆ ಬಂದರೆ ಸಾಲಿನ ಹೊಟ್ಟೆಯೊಳಗೂ ಕೆಂಪು. ಆದಿಪ್ರಾಸ ಓದಿ ಬೆಳೆದ ನಮ್ಮ ಕಿವಿಗೆ ಇದು ತಟ್ಟನೆ ಸಿಗುತ್ತೆ.

ಹೊಸದನ್ನು ಮೊಬೈಲ್ ಸ್ಪೀಕರಲ್ಲಿ ಮಾತ್ರ ಕೇಳಬೇಡಿ, ಅನ್ಯಾಯ ಆಗುತ್ತೆ. 808 ಅನ್ನೋ ಡ್ರಮ್ ಮಷೀನಿನ ಆಳದ ಬೇಸ್ ಅದರಲ್ಲಿ ಬರೋದೇ ಇಲ್ಲ. ಹೆಡ್‌ಫೋನ್ ಹಾಕಿ. ಪ್ರಾಸ ತೆಳುವಾದ ಕಡೆ ದನಿಯ ಏರಿಳಿತ, ಬೀಟಿನ ನಡುವೆ ಬಿಟ್ಟ ಮೌನ ಕೆಲಸ ಮಾಡ್ತಿರುತ್ತೆ. ಅದಕ್ಕೂ ಒಂದು ಗುರುತು ಹಾಕಿ.