ಮೂರನೇ ಮಹಡಿಯ ಬೆಕ್ಕಿಗೆ ಏನು ಹಾಕುವುದು?

ನಮ್ಮ ಬೆಕ್ಕು ಕೆಂಚನಿಗೆ ಉಚ್ಚೆ ಕಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ. ಮೊದಲು ನಮಗೆ ಅದು ಗೊತ್ತೇ ಆಗಲಿಲ್ಲ. ಮರಳಿನ ಟ್ರೇಗೆ ಹೋಗುವುದು, ಕೂತು ತಿಣುಕುವುದು, ಎದ್ದು ಬರುವುದು. ಹತ್ತು ನಿಮಿಷಕ್ಕೆ ಮತ್ತೆ ಅದೇ. ಮಲಬದ್ಧತೆ ಇರಬೇಕು ಅಂತ ನಾನು ಅಂದುಕೊಂಡೆ. ಒಂದು ಚಮಚ ಹರಳೆಣ್ಣೆ ಹಾಕು ಅಂತ ಅತ್ತೆ ಹೇಳಿದರು. ಮಗಳು ಮಾತ್ರ ಟ್ರೇ ನೋಡಿ, "ಅಮ್ಮಾ, ರಾತ್ರಿಯಿಂದ ಮರಳು ಒದ್ದೆಯೇ ಆಗಿಲ್ಲ" ಅಂದಳು. ಅವನನ್ನು ಉಳಿಸಿದ್ದು ಆ ಮಾತು.

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, ಮೂತ್ರಕೋಶ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂದರು. ಅರಿವಳಿಕೆ ಕೊಟ್ಟು ನಳಿಕೆ ಹಾಕಿದರು. ಮೂರು ದಿನ ಕೆಂಚ ಅಲ್ಲೇ ಇದ್ದ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನದೊಳಗೆ ಸಾಯಬಹುದು. ನಾನು ಮುಂದೆ ಹೇಳುವುದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಟ್ರೇಗೆ ಹೋಗಿ ಹೋಗಿ ಬರುತ್ತಿದೆ, ಮರಳು ಒಣಗೇ ಇದೆ ಅಂದರೆ ನಾಳೆವರೆಗೆ ಕಾಯುವ ಹಾಗಿಲ್ಲ.

ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. ಏನು ಹಾಕ್ತೀರಿ? ನೀರು ಎಷ್ಟು ಕುಡಿಯುತ್ತೆ? ಮೊದಲನೆಯದಕ್ಕೆ ಉತ್ತರ ಸುಲಭ: ಬರೀ ಡ್ರೈ ಫುಡ್, ಅಂದರೆ ಪ್ಯಾಕೆಟ್ಟಿನ ಒಣ ಕಾಳು. ಬಟ್ಟಲು ಖಾಲಿಯಾದಾಗ ತುಂಬಿಸುವುದು, ಅಷ್ಟೇ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡ್ರೈ ಫುಡ್ ಒಂದರಿಂದಲೇ ಹೀಗಾಯಿತು ಅನ್ನುವ ಹಾಗಿಲ್ಲ ಅಂತ ಅವರೇ ಹೇಳಿದರು. ಕೆಂಚ ಸಂತಾನಹರಣದ ಆಪರೇಷನ್ ಆದ ಗಂಡು. ತೂಕ ಆಗ 6 ಕೆಜಿ. ಮನೆ ಬಿಟ್ಟು ಹೊರಗೆ ಹೋಗುವವನಲ್ಲ. ಆ ವಾರ ನಾವು ಮನೆಗೆ ಬಣ್ಣ ಹೊಡೆಸಿ ಅವನ ಮೂಲೆಗಳನ್ನೆಲ್ಲ ಅಡ್ಡಾದಿಡ್ಡಿ ಮಾಡಿದ್ದೆವು. ಬೆಕ್ಕುಗಳಿಗೆ ಗಾಬರಿಯೂ ಮೂತ್ರದ ತೊಂದರೆ ತರುತ್ತದೆ. ಇಷ್ಟೆಲ್ಲ ಸೇರಿ ಆದದ್ದು. ಆದರೆ ನೀರು ನಮ್ಮ ಕೈಯಲ್ಲಿತ್ತು.

ಅತ್ತೆ ತೀರ್ಥಹಳ್ಳಿ ಕಡೆಯವರು. ಅವರ ಲೆಕ್ಕದಲ್ಲಿ ಇದೆಲ್ಲ ಪೇಟೆಯ ರೋಗ. "ನಮ್ಮ ಮನೆಯಲ್ಲಿ ಆರು ಬೆಕ್ಕಿದ್ವು ಮಾರಾಯ್ತಿ. ಹಾಲನ್ನ ತಿಂದೇ ಬದುಕಿದ್ದು. ಪ್ಯಾಕೆಟ್ ಯಾರು ತಂದಿದ್ರು?" ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಆ ಬೆಕ್ಕುಗಳು ಹಾಲನ್ನ ತಿಂದು ಅಟ್ಟಕ್ಕೆ ಹೋಗುತ್ತಿದ್ದವು. ಅಟ್ಟದಲ್ಲಿ ಇಲಿ. ಅಂಗಳದಲ್ಲಿ ಮಿಡತೆ, ಓತಿಕೇತ, ಹಲ್ಲಿ. ನಿಜವಾದ ಊಟ ಅಲ್ಲಿತ್ತು, ನಾವು ಹಾಕುತ್ತಿದ್ದದ್ದು ಕುರುಕಲು. ಒಂದು ಇಲಿಯಲ್ಲಿ ಮಾಂಸ, ಮೂಳೆ, ಲಿವರ್, ಹೃದಯ ಎಲ್ಲ ಇವೆ. ಜೊತೆಗೆ ಮೈಯ ಮುಕ್ಕಾಲು ಭಾಗದ ಹತ್ತಿರ ನೀರೇ. ಮೈಸೂರಿನ ಮೂರನೇ ಮಹಡಿಯಲ್ಲಿ ಇಲಿ ಎಲ್ಲಿಂದ ತರುವುದು? ಆ ಇಲಿಗೆ ಬದಲಾಗಿ ಏನು ಕೊಡುತ್ತೀರಿ ಅನ್ನುವುದೇ ಇಲ್ಲಿರುವ ಪ್ರಶ್ನೆ.

ಬೆಕ್ಕು ಮಾಂಸ ತಿನ್ನಲೇಬೇಕಾದ ಪ್ರಾಣಿ. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳುವುದು ನಮ್ಮ ದೇಹಕ್ಕೆ ಗೊತ್ತು, ಅದರ ದೇಹಕ್ಕೆ ಗೊತ್ತಿಲ್ಲ. ಟಾರಿನ್ ಅನ್ನುವ ಪದಾರ್ಥವನ್ನು ಬೇಕಾದಷ್ಟು ತಯಾರಿಸಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ಟಾರಿನ್ ಕಡಿಮೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಶುವೈದ್ಯ ಪಾಲ್ ಪಿಯೋನ್ ಮತ್ತು ಜೊತೆಗಾರರು ತೋರಿಸಿದರು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚು ಸೇರಿಸತೊಡಗಿದವು. ನಮ್ಮದು ಮೊಟ್ಟೆ ಕೂಡ ಬರದ ಮನೆ. ಹಾಗಂತ ಬೆಕ್ಕನ್ನೂ ಮೊಸರನ್ನದ ಮೇಲೆ ಸಾಕುತ್ತೇನೆ ಅಂದರೆ ಅದು ಪಾಪ. ಹಾಲಿನ ವಿಷಯದಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕೇ ಬುದ್ಧಿವಂತ ಅನ್ನಬೇಕು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿ ಶುರುವಾಗುತ್ತದೆ.

ಈಗ ಅಂಗಡಿಗೆ ಹೋಗೋಣ. ಪ್ಯಾಕೆಟ್ಟಿನ ಮುಂದಿರುವ ಸಾಲ್ಮನ್ ಚಿತ್ರ ಬಿಡಿ, ಹಿಂದೆ ತಿರುಗಿಸಿ. "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಅಂತ ಇದೆಯಾ, "ಕಾಂಪ್ಲಿಮೆಂಟರಿ" ಅಂತ ಇದೆಯಾ ನೋಡಿ. ಮೊದಲನೆಯದು ಪೂರ್ತಿ ಊಟ. ಎರಡನೆಯದು ಬರೀ ನಂಚಿಕೊಳ್ಳುವುದಕ್ಕೆ. ಬಿಳಿ ಕೋಳಿ ಎಳೆಗಳು ಚೆಂದವಾಗಿ ಕಾಣುವ ಎಷ್ಟೋ ದುಬಾರಿ ಡಬ್ಬಿಗಳು ಎರಡನೇ ಜಾತಿಯವು. ನಾನೂ ಅದನ್ನೇ ಒಳ್ಳೆಯದು ಅಂದುಕೊಂಡು ಒಂದು ತಿಂಗಳು ತಂದಿದ್ದೆ. ಯಾವ ವಯಸ್ಸಿನ ಬೆಕ್ಕಿಗೆ ಅನ್ನುವುದನ್ನೂ ಅಲ್ಲೇ ಓದಿಕೊಳ್ಳಿ. ಸುಮಾರು ಒಂದು ವರ್ಷದವರೆಗೆ ಮರಿಗಳ ಆಹಾರವೇ ಬೇಕು.

ಇನ್ನೊಂದು ಮೋಸದ ಜಾಗ ಪ್ರೋಟೀನಿನ ಅಂಕಿ. ಡ್ರೈ ಪ್ಯಾಕೆಟ್ಟಿನಲ್ಲಿ 32%, ವೆಟ್ ಫುಡ್ ಅಂದರೆ ಗ್ರೇವಿಯಂಥ ಒದ್ದೆ ಆಹಾರದ ಪೌಚಿನಲ್ಲಿ 10% ಅಂತ ಇರುತ್ತದೆ. ಪೌಚು ದಂಡ ಅನಿಸುತ್ತದೆ. ಆದರೆ ಪೌಚಿನಲ್ಲಿ 80% ನೀರು. ಉಳಿದ 20 ಭಾಗದಲ್ಲಿ 10 ಪ್ರೋಟೀನ್ ಅಂದರೆ ಅರ್ಧಕ್ಕೆ ಅರ್ಧ. ಡ್ರೈ ಫುಡ್‌ನಲ್ಲಿ ನೀರು 10%, ಉಳಿದ 90ರಲ್ಲಿ 32 ಅಂದರೆ 36% ಹತ್ತಿರ. ನೀರು ಕಳೆದು ಲೆಕ್ಕ ಹಾಕಿದರೆ ಮಾತ್ರ ಎರಡನ್ನೂ ಹೋಲಿಸಬಹುದು.

ಈ ಲೆಕ್ಕವನ್ನೇ ಕೆಂಚನಿಗೆ ಹಾಕಿದಾಗ ನನ್ನ ಕಣ್ಣು ತೆರೆಯಿತು. ಅವನು 4.5 ಕೆಜಿಗೆ ಇಳಿಯಬೇಕಿತ್ತು. ಆ ತೂಕದ, ಆಪರೇಷನ್ ಆದ, ಮನೆಯೊಳಗಿನ ಬೆಕ್ಕಿಗೆ ದಿನಕ್ಕೆ ಸುಮಾರು 215 ಕ್ಯಾಲೊರಿ ಸಾಕು. ನಾನು ತರುವ ಡ್ರೈ ಫುಡ್ ಗ್ರಾಮಿಗೆ 3.8 ಕ್ಯಾಲೊರಿ, ಅಂದರೆ 57 ಗ್ರಾಂ. ಹೆಚ್ಚುಕಡಿಮೆ ಒಂದು ಕಾಫಿ ಲೋಟದಷ್ಟೇ! ಅದರಲ್ಲಿ ಬರುವ ನೀರು 6 ಮಿಲಿಲೀಟರ್. ಅದೇ 85 ಗ್ರಾಮಿನ ಎರಡು ಪೌಚು ಕೊಟ್ಟರೆ ಊಟದಲ್ಲೇ 136 ಮಿಲಿಲೀಟರ್ ನೀರು ಒಳಗೆ ಹೋಯಿತು. ಬೆಕ್ಕಿನ ಪೂರ್ವಜರು ಮರುಭೂಮಿ ಕಡೆಯವರು, ಬಾಯಾರಿಕೆ ಕಡಿಮೆ. ಡ್ರೈ ಫುಡ್ ತಿನ್ನುವ ಬೆಕ್ಕು ಬಟ್ಟಲಿನ ನೀರು ಜಾಸ್ತಿ ಕುಡಿಯುತ್ತದೆ, ನಿಜ. ಆದರೂ ಒಟ್ಟು ನೀರು ವೆಟ್ ಫುಡ್ ತಿನ್ನುವ ಬೆಕ್ಕಿನಷ್ಟು ಆಗುವುದಿಲ್ಲ.

ಹಾಗಾದರೆ ಪೌಚೇ ಹಾಕಿಬಿಡಿ ಅನ್ನಲು ನನಗೂ ಆಸೆ. ನಮ್ಮ ಅಂಗಡಿಯಲ್ಲಿ ಒಂದು ಪೌಚಿಗೆ 45 ರೂಪಾಯಿ, ಅದರಲ್ಲಿರುವುದು 65 ಕ್ಯಾಲೊರಿ. ಪೂರ್ತಿ ಅದರ ಮೇಲೇ ಸಾಕಿದರೆ ಒಂದು ಬೆಕ್ಕಿಗೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಕು. ನಮ್ಮಲ್ಲಿ ಎರಡು ಬೆಕ್ಕು. ನಾನು ಸ್ಕೂಲ್ ಟೀಚರ್, ನನ್ನ ಸಂಬಳ ನನಗೆ ಗೊತ್ತು. ಹಾಗಾಗಿ ಬೆರಕೆ ದಾರಿ ಹಿಡಿದೆವು. ಕೆಂಚನಿಗೆ ದಿನಕ್ಕೆ ಎರಡು ಪೌಚು, 22 ಗ್ರಾಂ ಡ್ರೈ ಫುಡ್. ಉಚ್ಚೆಯ ತೊಂದರೆ ಇಲ್ಲದ, ಹೆಚ್ಚುಕಡಿಮೆ 4.5 ಕೆಜಿ ತೂಕದ ಚಿಕ್ಕಿಗೆ ಒಂದು ಪೌಚು, 40 ಗ್ರಾಂ ಡ್ರೈ. ಪೌಚಿಗೆ ಎರಡು ಚಮಚ ಬಿಸಿನೀರು ಬೆರೆಸುತ್ತೇನೆ, ಗ್ರೇವಿ ಅಂದುಕೊಂಡು ಕುಡಿಯುತ್ತವೆ. ಒಂದು ಪೌಚಿಗೂ ಕೈ ಬರದಿದ್ದರೆ ಒಳ್ಳೆಯ ಡ್ರೈ ಫುಡ್ ಅಳೆದು ಹಾಕಿ, ನೀರಿನ ಬಟ್ಟಲನ್ನು ಊಟದ ಬಟ್ಟಲಿನಿಂದ ದೂರ ಎರಡು ಮೂರು ಕಡೆ ಇಡಿ. ಅದರಲ್ಲಿ ತಪ್ಪೇನಿಲ್ಲ. ಡ್ರೈ ಫುಡ್ ತಿಂದು ಹದಿನೈದು ವರ್ಷ ಬದುಕಿದ ಬೆಕ್ಕುಗಳು ಬೇಕಾದಷ್ಟಿವೆ.

ಡ್ರೈ ಫುಡ್‌ನಲ್ಲಿ ನಾವು ಕೆಡುವುದು ಅಳತೆಯಲ್ಲಿ. ಲೋಟದಲ್ಲಿ ಅಳೆಯಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಲ್ಲು ಕ್ಲೀನ್ ಆಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಸಾಮಾನ್ಯ ಕಾಳು ಹಲ್ಲು ತಾಗಿದ ಕೂಡಲೇ ಪುಡಿಯಾಗುತ್ತದೆ, ಎಷ್ಟೋ ಬೆಕ್ಕುಗಳು ಅಗಿಯದೆ ನುಂಗುತ್ತವೆ. ದೊಡ್ಡ ಮೂಟೆ ಅಗ್ಗ ಅಂತ ತಂದರೆ ಮಳೆಗಾಲದಲ್ಲಿ ಮೆತ್ತಗಾಗಿ, ಎಣ್ಣೆ ಕಮಟು ಹಿಡಿಯುತ್ತದೆ. ತಿಂಗಳೊಳಗೆ ಮುಗಿಯುವಷ್ಟು ತನ್ನಿ. ಪ್ಯಾಕೆಟ್ ಸಮೇತ ಡಬ್ಬಿಯಲ್ಲಿ ಇಡಿ. ಇರುವೆಗೆ ನಮ್ಮ ಅಜ್ಜಿಯಂದಿರ ಉಪಾಯವೇ ಸರಿ: ಅಗಲದ ತಟ್ಟೆಯಲ್ಲಿ ನೀರು, ಅದರ ನಡುವೆ ಬಟ್ಟಲು.

ಪೌಚಿಗೆ ಬೇರೆ ಶಿಸ್ತು ಬೇಕು. ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ತಣ್ಣಗಿನದು ಅವಕ್ಕೆ ಹಿಡಿಸುವುದಿಲ್ಲ, ವಾಸನೆ ಏಳಬೇಕು. ಮುಚ್ಚಿದ ಬಟ್ಟಲನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟರೆ ಸಾಕು. ನಮ್ಮ ಮನೆಯಲ್ಲಿ ಪೌಚು ಬಿಚ್ಚುವುದು ಯುಟಿಲಿಟಿಯಲ್ಲಿ. ಚಮಚ, ಬಟ್ಟಲು, ತೊಳೆಯುವ ನಾರು ಬೇರೆ. ಉಳಿದದ್ದಕ್ಕೆ ಫ್ರಿಜ್ಜಿನ ಕೆಳಗಿನ ಮೂಲೆಯಲ್ಲಿ ಒಂದು ಬಿಗಿ ಡಬ್ಬಿ. ಆ ಡಬ್ಬಿಗೆ ಅತ್ತೆಯನ್ನು ಒಪ್ಪಿಸಲು ಆರು ತಿಂಗಳು ಹಿಡಿಯಿತು.

ಇನ್ನು ಹಸಿ ಮಾಂಸ. ಈಚೆಗೆ ಇದೊಂದು ಫ್ಯಾಷನ್. ಕಾಡಿನಲ್ಲಿ ಬೆಕ್ಕು ಬೇಯಿಸಿ ತಿನ್ನುತ್ತಾ ಅಂತ ಕೇಳುತ್ತಾರೆ. 1930ರ ದಶಕದಲ್ಲಿ ಫ್ರಾನ್ಸಿಸ್ ಪಾಟೆಂಜರ್ ಅನ್ನುವ ಅಮೆರಿಕದ ವೈದ್ಯ ನೂರಾರು ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗವನ್ನು ಮುಂದಿಡುತ್ತಾರೆ. ಹಸಿ ತಿಂದವು ಚೆನ್ನಾಗಿದ್ದವು, ಬೇಯಿಸಿದ್ದು ತಿಂದವು ತಲೆಮಾರಿನಿಂದ ತಲೆಮಾರಿಗೆ ಕೆಟ್ಟವು ಅಂತ. ಆದರೆ ಬೆಕ್ಕಿಗೆ ಟಾರಿನ್ ಬೇಕು ಅನ್ನುವುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಬೇಯಿಸಿದಾಗ ಟಾರಿನ್ ಕಡಿಮೆಯಾಗುತ್ತದೆ. ಇವತ್ತಿನ ಪ್ಯಾಕೆಟ್ಟಿಗೆ ಅದನ್ನು ಬೇರೆಯಾಗಿ ಸೇರಿಸಿರುತ್ತಾರೆ. ಅದಕ್ಕೇ ಆ ಪ್ರಯೋಗ ಹಿಡಿದುಕೊಂಡು ಇವತ್ತಿನ ಡಬ್ಬಿಯನ್ನು ಬೈಯುವುದು ಸರಿಯಲ್ಲ.

ನಾನು ಹಸಿ ಮಾಂಸ ಬೇಡ ಅನ್ನುವುದು ನಮ್ಮದು ಸಸ್ಯಾಹಾರಿ ಮನೆ ಅಂತ ಅಲ್ಲ. ಕೋಳಿ ಅಂಗಡಿಯ ಮಾಂಸದಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಫ್ರೀಜರಿನಲ್ಲಿಟ್ಟರೆ ಅದು ಸಾಯುವುದಿಲ್ಲ. ಬೆಕ್ಕು ತಿಂದು ಬಂದು ಅದೇ ಬಾಯಲ್ಲಿ ಮಗುವಿನ ಕೈ ನೆಕ್ಕುತ್ತದೆ. ಮನೆಯಲ್ಲಿ ಬಸುರಿ, ಪುಟ್ಟ ಮಗು, ವಯಸ್ಸಾದವರು ಇದ್ದರೆ ಮಾತೇ ಬೇಡ. ಹಕ್ಕಿಜ್ವರವೂ ಸೇರಿಕೊಂಡಿದೆ. ಅಮೆರಿಕದಲ್ಲಿ ಹಸಿ ಮಾಂಸದ ಆಹಾರ, ಕಾಯಿಸದ ಹಾಲು ತಿಂದು ಕುಡಿದ ಬೆಕ್ಕುಗಳು ಅದರಿಂದ ಸತ್ತಿವೆ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲಿ ಅದು ಕಾಣಿಸಿಕೊಂಡಿತು. ಅದೇ ವರ್ಷ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಕೋಳಿಗಳಿಗೂ ಬಂದಿತ್ತು.

ರೋಗದ ಮಾತು ಬದಿಗಿಟ್ಟರೂ ಬರೀ ಮಾಂಸ ಪೂರ್ತಿ ಊಟ ಅಲ್ಲ. ಅದರಲ್ಲಿ ಸುಣ್ಣದ ಅಂಶ ತೀರಾ ಕಡಿಮೆ, ಆಗ ದೇಹ ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಬೆಳೆಯುವ ಮರಿಗಳಿಗೆ ನೆಗೆದರೆ ಕಾಲು ಮುರಿಯುವಷ್ಟು ಆಗುತ್ತದೆ. ಲಿವರ್ ದಿನಾ ಹಾಕಿದರೆ ವಿಟಮಿನ್ ಎ ವಿಷವಾಗುತ್ತದೆ. ಕರಾವಳಿಯವರಿಗೆ ಒಂದು ಮಾತು. ಬೂತಾಯಿಯಂಥ ಎಣ್ಣೆ ಮೀನನ್ನೇ ದಿನಾ ಹಾಕಿದರೆ ವಿಟಮಿನ್ ಇ ಕಡಿಮೆಯಾಗಿ ಚರ್ಮದಡಿಯ ಕೊಬ್ಬು ಊದಿಕೊಂಡು ಮುಟ್ಟಿದರೆ ನೋಯುತ್ತದೆ. ಕೆಲವು ಹಸಿ ಮೀನುಗಳು ವಿಟಮಿನ್ ಬಿ1 ಅನ್ನೇ ನಾಶ ಮಾಡುತ್ತವೆ. ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ತುಂಡು ಕೊಡಿ.

ಮನೆಯಲ್ಲಿ ಕೋಳಿ ಬೇಯಿಸುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ಬೆಕ್ಕಿನ ಪಾಲು ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಅದರೊಳಗೆ ಇಳಿದಿರುತ್ತದೆ. ಬೆಂದ ಮೂಳೆ ಮಾತ್ರ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಇದೆಲ್ಲ ಸೇರಿ ದಿನದ ಊಟದ ಹತ್ತನೇ ಒಂದು ಭಾಗ ದಾಟದಿರಲಿ.

ಆಹಾರ ಬದಲಿಸುವಾಗ ಅವಸರ ಬೇಡ. ಕೆಂಚ ಎಂಟು ದಿನ ಪೌಚಿನ ಹತ್ತಿರ ಬಂದು, ಮೂಸಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು ಹೋಗುತ್ತಿದ್ದ. ಎಂಥ ಅವಮಾನ! ಕೊನೆಗೆ ಡ್ರೈ ಕಾಳನ್ನು ಪುಡಿ ಮಾಡಿ ಮೇಲೆ ಉದುರಿಸಿದೆ. ನಾಲಿಗೆ ಹಾಕಿದ. ಹಳೆಯದರಲ್ಲಿ ಕಾಲು ಭಾಗ ಹೊಸದು, ಎರಡು ಮೂರು ದಿನಕ್ಕೆ ಅರ್ಧ, ಹೀಗೆ ಹತ್ತು ದಿನವಾದರೂ ತೆಗೆದುಕೊಳ್ಳಿ. ಹಸಿವಾದರೆ ತಾನೇ ತಿನ್ನುತ್ತದೆ ಅನ್ನುವ ಹಟ ಬೆಕ್ಕಿನ ಹತ್ತಿರ ನಡೆಯುವುದಿಲ್ಲ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಇಡೀ ದಿನ ಏನೂ ಮುಟ್ಟದಿದ್ದರೆ ಹಳೆಯ ಆಹಾರಕ್ಕೆ ಹಿಂದಿರುಗಿ. ಅದನ್ನೂ ತಿನ್ನದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮರಿ ಇರುವವರು ಪುಣ್ಯವಂತರು. ಮೊದಲ ತಿಂಗಳುಗಳಲ್ಲೇ ಒಣದು, ಒದ್ದೆಯದು ಎರಡೂ ರೂಢಿ ಮಾಡಿಸಿದರೆ ಮುಂದೆ ಈ ನಾಟಕ ಇರುವುದಿಲ್ಲ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಮಾತ್ರ ನನ್ನ ಲೆಕ್ಕ ನಡೆಯುವುದಿಲ್ಲ, ಅದನ್ನು ಡಾಕ್ಟರೇ ಹೇಳಬೇಕು.

ಕೆಂಚ ಈಗ 4.7 ಕೆಜಿಗೆ ಬಂದಿದ್ದಾನೆ. ಎಂಟು ತಿಂಗಳು ಬೇಕಾಯಿತು. ಪ್ರತಿ ತಿಂಗಳ ಒಂದನೇ ತಾರೀಖು ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ, ಆಮೇಲೆ ನನ್ನ ತೂಕ ಕಳೆಯುತ್ತೇನೆ. ನಡುವೆ ಎರಡು ತಿಂಗಳು ತೂಕ ಇಳಿಯಲೇ ಇಲ್ಲ. ಗ್ರಾಂ ಲೆಕ್ಕ ಮತ್ತೆ ಮತ್ತೆ ನೋಡಿದೆ, ಎಲ್ಲ ಸರಿ ಇತ್ತು. ಒಂದು ದಿನ ಸ್ಕೂಲಿನಿಂದ ಬೇಗ ಬಂದಾಗ ಗೊತ್ತಾಯಿತು. ಮಧ್ಯಾಹ್ನ ಮೂರಕ್ಕೆ ಅತ್ತೆ ಕಾಫಿ ಕುಡಿಯುತ್ತಾ ಡಬ್ಬಿ ತೆಗೆದು, "ಬಾರೋ" ಅಂತ ಒಂದು ಹಿಡಿ ಕಾಳು ಹಾಕುತ್ತಿದ್ದರು. "ಮುಖ ನೋಡ್ತದೆ ಮಾರಾಯ್ತಿ, ನಾನೊಬ್ಬಳೇ ಹೇಗೆ ಕುಡಿಯೋದು?" ಅಂದರು. ಈಗ ಬೆಳಿಗ್ಗೆಯೇ ಆ 22 ಗ್ರಾಮಿನಲ್ಲಿ 5 ಗ್ರಾಂ ತೆಗೆದು ಸಣ್ಣ ಕುಂಕುಮದ ಡಬ್ಬಿಯಲ್ಲಿ ಹಾಕಿ ಅತ್ತೆಯ ಕುರ್ಚಿಯ ಪಕ್ಕ ಇಡುತ್ತೇನೆ.