ಚೀಟಿ ಇಟ್ಟು ಏಳುವುದನ್ನು ಕಲಿತದ್ದು

ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಹನ್ನೊಂದು ಗುರಿಗಳನ್ನು ಬರೆದಿದ್ದೆ. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಎರಡೂವರೆ. ಅರ್ಧಕ್ಕೆ ಬಿಟ್ಟಿದ್ದ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಯ ಎರಡು ಪತ್ರಿಕೆಗಳನ್ನು ಮುಗಿಸುವುದು, ಈಜು ಕಲಿಯುವುದು, ದಿನಕ್ಕೆ ನಲವತ್ತು ನಿಮಿಷ ನಡೆಯುವುದು, ತಿಂಗಳಿಗೆ ಎರಡು ಪುಸ್ತಕ ಓದುವುದು, ಮೂಲೆ ಸೇರಿದ್ದ ಹೊಲಿಗೆ ಯಂತ್ರವನ್ನು ಮತ್ತೆ ಹೊರಗೆ ತೆಗೆಯುವುದು, ಮಕ್ಕಳ ಮೇಲೆ ಕೂಗಾಡದಿರುವುದು, ಹೀಗೆ ಪಟ್ಟಿ ಬೆಳೆದಿತ್ತು. ಹನ್ನೊಂದನೆಯದು ‘ರಾತ್ರಿ ಎಂಟು ಗಂಟೆ ನಿದ್ದೆ’. ಮೊದಲ ಹತ್ತನ್ನು ಮಾಡುವವಳಿಗೆ ಹನ್ನೊಂದನೆಯದು ಎಲ್ಲಿಂದ ಸಿಗಬೇಕು ಎಂಬುದು ಬರೆಯುವಾಗ ಹೊಳೆಯಲೇ ಇಲ್ಲ. ಸಾಲದ್ದಕ್ಕೆ ಪ್ರತಿಯೊಂದರ ಕೆಳಗೂ ಬಣ್ಣದ ಗೆರೆ ಬೇರೆ ಎಳೆದಿದ್ದೆ.

ಮೂರು ವಾರ ನಡೆಯಿತು. ನಾಲ್ಕನೆಯ ವಾರ ಮಗನಿಗೆ ಜ್ವರ ಬಂತು, ಅವನಿಂದ ಮಗಳಿಗೆ, ಅವಳಿಂದ ನನಗೆ. ಹತ್ತು ದಿನ ಬಿಟ್ಟು ನೋಟುಬುಕ್ಕು ತೆರೆದಾಗ ಗುರುತು ಹಾಕದ ಚೌಕಗಳು ಸಾಲುಸಾಲಾಗಿ ಕಂಡು ಮನಸ್ಸು ಮುದುಡಿತು. ಮುಚ್ಚಿಟ್ಟೆ. ಕೆಲವು ದಿನಗಳಲ್ಲಿ ಅದರಲ್ಲಿ ಮಗಳು ಆನೆಗಳನ್ನು ಬರೆಯತೊಡಗಿದಳು. ನಾನೂ ಬೇಡವೆನ್ನಲಿಲ್ಲ.

ಆಮೇಲೆ ಸುಮಾರು ಒಂದು ವರ್ಷ, ಯಾರು ಕೇಳಿದರೂ ‘ಸಮಯ ಎಲ್ಲಿದೆ?’ ಎನ್ನುತ್ತಿದ್ದೆ. ಒಂದು ದಿನ ಆ ಮಾತು ನನಗೇ ಬೇಸರವಾಯಿತು. ಕಚೇರಿಯಲ್ಲಿ ನನ್ನ ಕೆಲಸವೇ ಲೆಕ್ಕಪತ್ರ ನೋಡುವುದು. ಲೆಕ್ಕ ಇಡದೆ ‘ಇಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಹಾಗಾಗಿ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ಸಿಲ್ ತೂಗುಬಿಟ್ಟೆ. ಏಳು ದಿನ, ಯಾರಿಗೂ ನಾನು ಬೇಕಿಲ್ಲದ ಹೊತ್ತು ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬುದಷ್ಟನ್ನೇ ಬರೆದೆ. ಮೊಬೈಲ್ ನೋಡುತ್ತಾ ಕಳೆದ ಹೊತ್ತನ್ನೂ ಸೇರಿಸಿದೆ, ನಾಚಿಕೆಯಾದರೂ.

ಕೂಡಿಸಿದರೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ! ಎರಡು ಸಲ ಕೂಡಿಸಿ ನೋಡಿದೆ. ಆದರೆ ಅದು ಬಿದ್ದಿದ್ದ ರೀತಿ ನೋಡಬೇಕಿತ್ತು: ಏಳು ನಿಮಿಷ, ಹನ್ನೊಂದು, ಆರು, ಹದಿನಾಲ್ಕು, ಒಂಬತ್ತು. ವಾರದ ಅತಿ ಉದ್ದದ ತುಂಡು ನಲವತ್ತೆರಡು ನಿಮಿಷದ್ದು, ಅದೂ ರಾತ್ರಿ ಹತ್ತೂವರೆಯ ಮೇಲೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹೊತ್ತಿನಲ್ಲಿ. ಇನ್ನೊಂದು ಸಂಗತಿ ಹಾಳೆಯಲ್ಲಿ ಕಾಣುವಂಥದ್ದಲ್ಲ, ಆದರೆ ತಾಯಂದಿರಿಗೆ ಹೇಳಬೇಕಾಗಿಲ್ಲ. ಹನ್ನೊಂದು ನಿಮಿಷ ಸಿಕ್ಕಿತ್ತು ಎಂದು ಗೊತ್ತಾಗುವುದು ಅದು ಮುಗಿದ ಮೇಲೆ. ಶುರುವಾಗುವಾಗ ಅದು ಎರಡು ನಿಮಿಷವೋ ನಲವತ್ತೋ ಯಾರಿಗೂ ತಿಳಿಯದು. ಹೀಗಿರುವಾಗ ಯಾವ ಕೆಲಸಕ್ಕೆ ಕೈ ಹಾಕುವುದು? ಹಾಕದೆ ಮೊಬೈಲ್ ಎತ್ತಿಕೊಳ್ಳುವುದೇ ಸುಲಭ. ನಾನು ಮಾಡುತ್ತಿದ್ದದ್ದೂ ಅದನ್ನೇ.

ಇಪ್ಪತ್ತೈದು ನಿಮಿಷದ ಗಡಿಯಾರದ ಪದ್ಧತಿಯನ್ನೂ ಪ್ರಯತ್ನಿಸಿದೆ. ಫ್ರಾನ್ಸೆಸ್ಕೊ ಸಿರಿಲೊ ಎಂಬ ಇಟಲಿಯವರು 1980ರ ದಶಕದ ಕೊನೆಯಲ್ಲಿ, ಕಾಲೇಜಿನಲ್ಲಿದ್ದಾಗ, ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಕಂಡುಕೊಂಡ ಉಪಾಯ ಅದು, ಪೊಮೊಡೊರೊ ಎನ್ನುತ್ತಾರೆ. ಅದರ ನಿಯಮದಂತೆ ನಡುವೆ ಕೆಲಸ ಬಿಟ್ಟು ಎದ್ದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಶುರು. ಹಾಗೆ ಎಣಿಸಿದರೆ ಒಂದು ಇಡೀ ವಾರದಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಸುತ್ತು. ಕೋಣೆಯ ಬಾಗಿಲು ಹಾಕಿಕೊಂಡು ಓದುವವರಿಗೆ ಒಳ್ಳೆಯ ಪದ್ಧತಿಯೇ. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಅದರ ಕೆಳಗಿನ ಸಂದಿಯಿಂದ ಪುಟ್ಟ ಬೆರಳುಗಳು ಒಳಗೆ ಬರುತ್ತವೆ.

ಅಲ್ಲಿಂದ ನಾನು ಯೋಚಿಸುವ ರೀತಿ ಬದಲಾಯಿತು. ಅಡ್ಡಿ ಬರದಂತೆ ನೋಡಿಕೊಳ್ಳುವ ಹಟ ಬಿಟ್ಟೆ. ಅಡ್ಡಿ ಬಂದೇ ಬರುತ್ತದೆ. ಬಂದಾಗ ಕೆಲಸ ಕೆಡದಂತೆ ಎದ್ದುಹೋಗುವುದು ಹೇಗೆ, ಮರಳಿ ಬಂದಾಗ ಹುಡುಕಾಡದೆ ಕೂರುವುದು ಹೇಗೆ, ಇಷ್ಟನ್ನೇ ಕಲಿಯಬೇಕು ಅನ್ನಿಸಿತು.

ಮೊದಲು ಹನ್ನೊಂದರಲ್ಲಿ ಒಂದನ್ನು ಆರಿಸಿಕೊಂಡೆ. ಯಾವುದು ಮುಖ್ಯ ಎಂದು ಕೇಳಿಕೊಂಡರೆ ಎಲ್ಲವೂ ಮುಖ್ಯವೇ ಎನಿಸುತ್ತದೆ. ಹಾಗಾಗಿ ಯಾವುದಕ್ಕೆ ಗಡುವಿದೆ ಎಂದು ಕೇಳಿಕೊಂಡೆ. ಈಜು ಐವತ್ತನೇ ವಯಸ್ಸಿನಲ್ಲೂ ಕಲಿಯಬಹುದು. ಪತ್ರಿಕೆಗಳನ್ನು ಪೂರೈಸಲು ಮಾತ್ರ ವಿಶ್ವವಿದ್ಯಾಲಯದ ಗಡುವು ಮೂರು ವರ್ಷಗಳಲ್ಲಿ ಮುಗಿಯುತ್ತಿತ್ತು. ಉಳಿದವುಗಳನ್ನು ಹೊಡೆದು ಹಾಕಲಿಲ್ಲ, ಪುಸ್ತಕದ ಕೊನೆಯ ಪುಟಕ್ಕೆ ‘ಆಮೇಲೆ’ ಎಂಬ ತಲೆಬರಹ ಕೊಟ್ಟು ಸಾಗಿಸಿದೆ. ನಿದ್ದೆಯನ್ನು ಗುರಿಗಳ ಪಟ್ಟಿಯಿಂದಲೇ ತೆಗೆದು ಷರತ್ತು ಮಾಡಿಕೊಂಡೆ: ಓದಿಗಾಗಿ ನಿದ್ದೆಯನ್ನು ಮುರಿಯುವಂತಿಲ್ಲ. ಒಮ್ಮೆ ಮುರಿದೆ. ನಾಲ್ಕು ದಿನ ಬೆಳಗಿನ ನಾಲ್ಕಕ್ಕೆ ಎದ್ದು ಓದಿದೆ. ಐದನೆಯ ದಿನ ಶಾಲೆಗೆ ಹೊರಟ ಮಗಳ ಒಂದು ಕಾಲಿನ ಶೂ ಸಿಗಲಿಲ್ಲ ಎಂದು ಅವಳ ಮೇಲೆ ಎಷ್ಟು ರೇಗಿದೆನೆಂದರೆ, ಅವಳು ಅಳುವುದನ್ನೂ ಮರೆತು ನನ್ನ ಮುಖ ನೋಡುತ್ತಾ ನಿಂತಳು. ಶೂ ನನ್ನ ಚೀಲದಲ್ಲೇ ಇತ್ತು.

ಇನ್ನು ಚೀಟಿಯ ವಿಷಯ. ಎಂಟು ವರ್ಷ ಬಿಟ್ಟ ಓದಾದ್ದರಿಂದ ಸಂಭವನೀಯತೆಯನ್ನು ಮೊದಲ ಅಧ್ಯಾಯದಿಂದಲೇ ಹಿಡಿದಿದ್ದೆ. ಬೇಯ್ಸ್ ಪ್ರಮೇಯದ ಒಂದು ಸರಳ ಲೆಕ್ಕ: ಒಂದು ಪೆಟ್ಟಿಗೆಯಲ್ಲಿ ಮೂರು ಕೆಂಪು, ಎರಡು ಬಿಳಿ ಚೆಂಡು, ಇನ್ನೊಂದರಲ್ಲಿ ಒಂದು ಕೆಂಪು, ನಾಲ್ಕು ಬಿಳಿ. ಕಣ್ಣು ಮುಚ್ಚಿ ಒಂದು ಪೆಟ್ಟಿಗೆ ಆರಿಸಿ, ಅದರಿಂದ ತೆಗೆದ ಚೆಂಡು ಕೆಂಪಾಗಿದ್ದರೆ ಅದು ಮೊದಲ ಪೆಟ್ಟಿಗೆಯದ್ದಾಗಿರುವ ಸಂಭವನೀಯತೆ ಎಷ್ಟು? ಆ ಪೆಟ್ಟಿಗೆ ಕೈಗೆ ಬರುವ 1/2ನ್ನು ಅದರಲ್ಲಿ ಕೆಂಪು ಸಿಗುವ 3/5ರಿಂದ ಗುಣಿಸಿ, ಮೊದಲ ಪೆಟ್ಟಿಗೆಯ ಪಾಲು 3/10 ಎಂದು ಬರೆದಿದ್ದೆ. ಅಷ್ಟರಲ್ಲಿ ಬಚ್ಚಲಿನಿಂದ ‘ಅಮ್ಮಾ, ಆಯಿತು!’ ಎಂಬ ಕೂಗು. ಎದ್ದು ಹೋದೆ. ಅವನನ್ನು ತೊಳೆದು, ಬಟ್ಟೆ ಹಾಕಿ, ಚೆಲ್ಲಿದ ನೀರು ಒರೆಸಿ ಬರುವಷ್ಟರಲ್ಲಿ 3/10 ಎಲ್ಲಿಂದ ಬಂತು ಎಂಬುದೇ ಮರೆತಿತ್ತು. ಪ್ರಶ್ನೆಯನ್ನು ಮತ್ತೆ ಓದಿದೆ. ಮತ್ತೆ ಕೂಗು. ಮೂರು ಸಲ ಆ ಲೆಕ್ಕವನ್ನು ಹೀಗೆ ಮೊದಲಿನಿಂದ ಶುರುಮಾಡಿದ್ದೇನೆ. ಅದರ ಉತ್ತರ 3/4 ಎಂಬುದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ನಾಲ್ಕನೆಯ ಸಲ ಏಳುವ ಮುಂಚೆ ಒಂದು ಚೀಟಿಯಲ್ಲಿ ಗೀಚಿದೆ: ‘ಎರಡನೇ ಪೆಟ್ಟಿಗೆಯ ಪಾಲು 1/10. ಎರಡನ್ನೂ ಕೂಡಿಸಿ ಛೇದಕ್ಕೆ ಹಾಕು.’ ಅದನ್ನು ಪುಟದ ನಡುವೆ ಇಟ್ಟು ಹೋದೆ. ಬಂದು ಕೂತ ಹತ್ತು ಸೆಕೆಂಡಿನಲ್ಲಿ ಕೈ ಲೆಕ್ಕದ ಮೇಲಿತ್ತು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ ಎಂಬುದು ಆಮೇಲೆ ತಿಳಿಯಿತು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ, ಅರ್ಧಕ್ಕೆ ಬಿಟ್ಟ ಕೆಲಸದ ಮೇಲಿನ ಗಮನ ಪೂರ್ತಿಯಾಗಿ ನಮ್ಮ ಜೊತೆ ಎದ್ದುಬರುವುದಿಲ್ಲ, ಸ್ವಲ್ಪ ಅಲ್ಲೇ ಅಂಟಿಕೊಂಡಿರುತ್ತದೆ ಎಂದು ತೋರಿಸಿದರು. 2018ರಲ್ಲಿ ಥೆರೆಸಾ ಗ್ಲೋಂಬ್ ಅವರೊಡನೆ ಮಾಡಿದ ಅಧ್ಯಯನದಲ್ಲಿ, ಏಳುವ ಮುಂಚೆ ‘ಎಲ್ಲಿ ನಿಲ್ಲಿಸಿದ್ದೇನೆ, ಬಂದ ಮೇಲೆ ಏನು ಮಾಡಬೇಕು’ ಎಂದು ಚುಟುಕಾಗಿ ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂದು ಕಂಡುಕೊಂಡರು. ಅಂದರೆ ಲಾಭ ಓದಿಗೆ ಮಾತ್ರವಲ್ಲ, ಎದ್ದುಹೋಗಿ ಮಾಡುವ ಕೆಲಸಕ್ಕೂ ಇದೆ. ಚೀಟಿ ಇಡುವ ಮುಂಚೆ ನಾನು ಮಗನನ್ನು ತೊಳೆಯುವಾಗಲೂ ಮನಸ್ಸಿನಲ್ಲಿ ಭಿನ್ನರಾಶಿ ಕೂಡಿಸುತ್ತಿದ್ದೆ. ಅವನು ಹೇಳುವ ಕತೆಗೆ ಸುಮ್ಮನೆ ‘ಹೂಂ’ ಎನ್ನುತ್ತಿದ್ದೆ. ಅವನಿಗೆ ಅದು ಗೊತ್ತಾಗುತ್ತಿತ್ತು. ‘ಸುಳ್ಳು ಹೂಂ ಬೇಡ’ ಎಂದು ಒಮ್ಮೆ ಗದರಿಸಿಯೂ ಇದ್ದ.

ಚೀಟಿ ಬರೆಯುವುದರಲ್ಲೂ ಒಂದು ಹದ ಇದೆ. ‘ಅಧ್ಯಾಯ 3 ಓದಬೇಕು’ ಎಂಬುದು ಚೀಟಿಯೇ ಅಲ್ಲ. ಅದನ್ನು ನೋಡಿದರೆ ಮತ್ತೆ ಯೋಚಿಸಬೇಕಾಗುತ್ತದೆ. ‘ಪುಟ 61ರ ಎರಡನೇ ಉದಾಹರಣೆಯ ಉತ್ತರ ಮುಚ್ಚಿಕೊಂಡು ಮಾಡು’ ಎಂದರೆ ಕೈ ತಾನಾಗಿ ಪುಸ್ತಕಕ್ಕೆ ಹೋಗುತ್ತದೆ. ಬರೆಯಲು ಅರ್ಧ ನಿಮಿಷ ಸಾಕು, ಆ ಅರ್ಧ ನಿಮಿಷ ಕಾಯುವುದನ್ನು ಮಗಳು ಬೇಗ ಕಲಿತಳು. ಮಗನ ವಿಷಯದಲ್ಲಿ ಅಂಥ ಭರವಸೆ ಇಟ್ಟುಕೊಳ್ಳಲಿಲ್ಲ. ಒಳಗಿನಿಂದ ಏನೋ ಬಿದ್ದು ಒಡೆದ ಸದ್ದಾದರೆ ಚೀಟಿಯೂ ಇಲ್ಲ, ಗೀಟಿಯೂ ಇಲ್ಲ.

ಕೆಲಸಗಳನ್ನೂ ಅಳತೆ ನೋಡಿ ಬೇರೆ ಮಾಡಿದೆ. ಸೂತ್ರಗಳನ್ನು ಕಾರ್ಡುಗಳಲ್ಲಿ ಬರೆದುಕೊಂಡು ನಿಂತಲ್ಲೇ ನೋಡುವುದು ಐದಾರು ನಿಮಿಷದ ಕೆಲಸ. ಒಂದು ಲೆಕ್ಕವನ್ನು ಚೀಟಿಯ ಬಲದಿಂದ ಎರಡು ಮೂರು ತುಂಡುಗಳಲ್ಲಿ ಮುಗಿಸಬಹುದು. ಹೊಸ ಪ್ರಮೇಯವೊಂದರ ಸಾಧನೆಯನ್ನು ಮೊದಲ ಸಲ ಅರ್ಥಮಾಡಿಕೊಳ್ಳುವುದು ಮಾತ್ರ ತುಂಡುಗಳಲ್ಲಿ ಆಗುವುದಿಲ್ಲ. ಅದಕ್ಕೆ ಒಂದೂವರೆ ಗಂಟೆ ಇಡಿಯಾಗಿ ಬೇಕು. ಮೂರು ತಿಂಗಳು ಚೀಟಿಯಿಂದಲೇ ಎಲ್ಲವನ್ನೂ ಸಾಧಿಸುತ್ತೇನೆಂದು ಹೆಣಗಿ ಈ ಸತ್ಯ ಒಪ್ಪಿಕೊಂಡೆ.

ಇಡೀ ಒಂದೂವರೆ ಗಂಟೆ ಸಿಗಬೇಕಾದರೆ ಇನ್ನೊಬ್ಬರು ಆ ಹೊತ್ತನ್ನು ಹೊರಬೇಕು. ಮನೆಯವರಿಗೆ ‘ಸ್ವಲ್ಪ ಸಹಾಯ ಮಾಡಿ’ ಎಂದು ಎಷ್ಟೋ ಸಲ ಕೇಳಿದ್ದೆ, ಅವರು ಇಲ್ಲವೆಂದದ್ದೂ ಇಲ್ಲ. ಆದರೆ ಆ ‘ಸ್ವಲ್ಪ’ ಎಂದರೆ ಎಷ್ಟು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊನೆಗೆ ನೇರವಾಗಿ ಹೇಳಿದೆ: ‘ಶನಿವಾರ ಬೆಳಗ್ಗೆ ಏಳರಿಂದ ಎಂಟೂವರೆ. ಆ ಹೊತ್ತಿನಲ್ಲಿ ನಾನು ಊರಲ್ಲೇ ಇಲ್ಲ ಎಂದುಕೊಳ್ಳಿ.’ ಒಪ್ಪಿದರು. ಮೊದಲ ಶನಿವಾರ ಬಾಗಿಲು ನಾಲ್ಕು ಸಲ ತೆರೆಯಿತು. ಮಗನ ಕಾಲುಚೀಲ ಎಲ್ಲಿ, ಕೆಮ್ಮಿನ ಔಷಧಿ ಎಷ್ಟು ಚಮಚ, ಅವನು ಅಳುತ್ತಿದ್ದಾನೆ ಏನು ಮಾಡಲಿ, ನಾಲ್ಕನೆಯದು ‘ಓದು ಹೇಗೆ ಸಾಗಿದೆ?’ ನಾನು ಕುರ್ಚಿಯಿಂದ ಏಳಲಿಲ್ಲ, ನಿಜ. ಆದರೆ ಮನೆಯ ನಕ್ಷೆಯೆಲ್ಲ ಇನ್ನೂ ನನ್ನ ತಲೆಯಲ್ಲೇ ಇತ್ತು. ಸಹಾಯ ಮಾಡುವವರು ಕೇಳುತ್ತಲೇ ಇರುತ್ತಾರೆ. ಹೊಣೆ ಹೊತ್ತವರು ಹುಡುಕಿಕೊಳ್ಳುತ್ತಾರೆ. ಎರಡನೆಯ ಶನಿವಾರ ಗ್ರಂಥಾಲಯದ ಮೆಟ್ಟಿಲ ಮೇಲೆ ಹೋಗಿ ಕೂತೆ, ಅದಿನ್ನೂ ತೆರೆದಿರಲಿಲ್ಲ. ಮೊಬೈಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಮರಳಿ ಬಂದಾಗ ಮಗನ ಅಂಗಿ ತಿರುಗುಮುರುಗಾಗಿತ್ತು, ಕಾಲುಚೀಲಗಳು ಬೇರೆ ಬೇರೆ ಬಣ್ಣದವು. ಏನೂ ಹೇಳದೆ ಸುಮ್ಮನಿರಲು ನಾನು ಪಟ್ಟ ಪಾಡು ಆ ದಿನದ ಓದಿಗಿಂತ ಕಷ್ಟದ್ದು. ನಾನು ತಿದ್ದಲು ಹೋಗಿದ್ದರೆ ಮೂರನೆಯ ಶನಿವಾರ ಇರುತ್ತಿರಲಿಲ್ಲ.

ಉಳಿದ ದಿನಗಳಿಗೆ ಗಡಿಯಾರದ ಸಮಯ ಗೊತ್ತುಮಾಡುವುದನ್ನೇ ಬಿಟ್ಟೆ. ‘ರಾತ್ರಿ 9ಕ್ಕೆ ಓದು’ ಎಂದರೆ ಮಗ 9.20ಕ್ಕೆ ಮಲಗಿದ ದಿನ ಯೋಜನೆಯೇ ಕುಸಿಯುತ್ತದೆ. ‘ಮಗ ಮಲಗಿದ ಮೇಲೆ ದೀಪ ಆರಿಸಿದ ಕೂಡಲೇ, ಮೊಬೈಲ್ ಮುಟ್ಟುವ ಮುಂಚೆ, ಚೀಟಿ ಓದುತ್ತೇನೆ’ ಎಂದು ಬರೆದುಕೊಂಡೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರ ಲೇಖನವೊಂದರಲ್ಲಿ ವಿವರಿಸಿದ ‘ಹೀಗಾದರೆ ಹೀಗೆ’ ಎಂಬ ಯೋಜನೆ ಇದೇ ಬಗೆಯದು: ಬರಿಯ ಸಂಕಲ್ಪಕ್ಕಿಂತ, ಯಾವ ಸಂದರ್ಭದಲ್ಲಿ ಏನು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟದ್ದು ಹೆಚ್ಚು ಕೈಗೂಡುತ್ತದೆ.

ತಪ್ಪಿದ ದಿನಗಳ ಬಗ್ಗೆ ನನ್ನ ಹೆದರಿಕೆ ಕಳೆದದ್ದು ಒಂದು ಲೆಕ್ಕದಿಂದಲೇ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡರು. ಆದರೆ ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೂ ಹರಡಿತ್ತು (ಹನ್ನೆರಡು ವಾರ ದಾಟಿದ್ದು ಅವರ ಲೆಕ್ಕಾಚಾರದ ಅಂದಾಜು). ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹಾನಿಯೇನೂ ಕಾಣಲಿಲ್ಲ. ಮೊದಲ ನೋಟುಬುಕ್ಕಿನ ಖಾಲಿ ಚೌಕಗಳಿಗೆ ನಾನು ಕೊಟ್ಟ ಮರ್ಯಾದೆ ಅತಿಯಾಯಿತು! ಈಗ ಚೌಕಗಳಿಲ್ಲ, ವಾರದ ಲೆಕ್ಕ ಮಾತ್ರ ಇದೆ, ಅದೂ ಎರಡು ಬಗೆಯದು. ಸಾಮಾನ್ಯ ವಾರಕ್ಕೆ ಆರು ಲೆಕ್ಕಗಳು. ಜ್ವರದ ವಾರಕ್ಕೆ, ನೆಂಟರ ವಾರಕ್ಕೆ, ಕಚೇರಿಯಲ್ಲಿ ವರ್ಷಾಂತ್ಯದ ವಾರಕ್ಕೆ ಒಂದು ಸೂತ್ರದ ಕಾರ್ಡು ನೋಡಿದರೆ ಸಾಕು. ಎಂಥ ವಾರದಲ್ಲೂ ಒಂದು ಕಾರ್ಡು ನೋಡಬಹುದು.

ಮೊದಲ ಪತ್ರಿಕೆಗೆ ಐದು ತಿಂಗಳು ಸಾಕು ಎಂದುಕೊಂಡಿದ್ದೆ, ಹನ್ನೊಂದು ಹಿಡಿಯಿತು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿ 55 ದಿನ ದಾಟಿಸಿದರಂತೆ. ಅವರಿಗೆ ಮಕ್ಕಳಿದ್ದರೋ ಇಲ್ಲವೋ. ಎರಡನೆಯ ಪತ್ರಿಕೆಗೆ ಅಂದಾಜು ಹಾಕಿ ಅದನ್ನು ಎರಡರಿಂದ ಗುಣಿಸಿ ಬರೆದಿಟ್ಟೆ. ‘ಈ ವಯಸ್ಸಿನಲ್ಲಿ ಪರೀಕ್ಷೆ ಯಾರಿಗೋಸ್ಕರ?’ ಎಂದು ಕೇಳಿದವರಿಗೆ ಕೊಡಲು ಉತ್ತರ ಹುಡುಕುವುದನ್ನೂ ‘ಆಮೇಲೆ’ ಪುಟಕ್ಕೆ ಸೇರಿಸಿದ್ದೇನೆ.

ಮೊದಲ ಪತ್ರಿಕೆಯಲ್ಲಿ ಐವತ್ತೆಂಟು ಅಂಕ ಬಂತು. ಎರಡನೆಯದನ್ನು ಹೋದ ತಿಂಗಳು ಬರೆದೆ, ಫಲಿತಾಂಶ ಬರಬೇಕು. ಕೊನೆಯ ಪುಟ ತೆರೆದು ನೋಡಿದರೆ ಮುಂದಿನ ಸರದಿ ಈಜಿನದು. ಎದೆಮಟ್ಟದ ನೀರಿನಲ್ಲಿ ಎರಡು ದಿನ ಕೈಕಾಲು ಬಡಿದು ಬಂದಿದ್ದೇನೆ. ಅಲ್ಲಿ ಚೀಟಿ ಇಡಲು ಜಾಗವಿಲ್ಲ, ನಡುನೀರಿನಲ್ಲಿ ಬಿಟ್ಟು ಬರುವಂತೆಯೂ ಇಲ್ಲ. ಮನೆಯವರ ಹತ್ತಿರ ಇನ್ನೊಂದು ಬೆಳಗು ಕೇಳಬೇಕು. ಭಾನುವಾರವೋ ಬುಧವಾರವೋ ಇನ್ನೂ ತೀರ್ಮಾನವಾಗಿಲ್ಲ.